ಗೆರೆ ಇಲ್ಲದ ಬೆರಳು, ಅನುಭವ ಇಲ್ಲದ ಅಮ್ಮ

ನಮ್ಮ ಮಕ್ಕಳನ್ನು ಸಾಕೋಕೆ ಯಾರೂ ಪರ್ಮಿಷನ್ ಕೇಳಲ್ಲ. ಪಕ್ಕದ ಮನೆ ಮಗುವನ್ನು ನೋಡ್ಕೊಳ್ತೀನಿ ಅಂದು ನೋಡಿ, ಇಡೀ ಸರ್ಕಾರ ಎದ್ದು ಕೂರತ್ತೆ. ಆಮೇಲೆ ದಿನಕ್ಕೊಂದು ತಮಾಷೆ.

ಕೋವಿಡ್ ಕಳೆದ ಮೇಲಿನ ಮಾತು. ನಾವಿರೋದು ಅಮೆರಿಕದ ವೆಸ್ಟ್ ಕೊವಿನಾ ಅನ್ನೋ ಊರಲ್ಲಿ. ಪಕ್ಕದ ಮನೆಯ ನರ್ಸ್‌ಗೆ ಹೆರಿಗೆ ರಜೆ ಮುಗೀತಾ ಬಂದಿತ್ತು. ಮಗುವನ್ನು ಬಿಡೋಕೆ ಎಲ್ಲೂ ಜಾಗ ಸಿಗದೆ ಕೆಲಸಾನೇ ಬಿಡ್ತೀನಿ ಅಂತ ಅಳ್ತಿದ್ದಳು. "ನೀನ್ಯಾಕೆ ಬಿಡ್ತೀಯ? ನಾನೇ ಮನೇಲಿ ಡೇಕೇರ್ ಶುರು ಮಾಡ್ತೀನಿ" ಅಂದುಬಿಟ್ಟೆ. ಹನ್ನೊಂದು ವರ್ಷ ಮನೇಲೇ ಇದ್ದ ನನಗೂ ನನ್ನದು ಅಂತ ಒಂದು ಕೆಲಸ ಬೇಕಿತ್ತು. ಅದಕ್ಕೆ ಲೈಸೆನ್ಸ್ ಬೇಕಂತೆ. ಅವಳ ರಜೆ ಮುಗಿಯೋದರೊಳಗೆ ತಗೊಂಡೇ ತೀರ್ತೀನಿ ಅಂತ ಹಟ ಹಿಡಿದೆ.

೧. ಅನುಭವ: ಸೊನ್ನೆ

ಅಲ್ಲೇ ಹತ್ತಿರದ ಗ್ಲೆಂಡೇಲ್ ಊರಲ್ಲಿ ಸರ್ಕಾರದ ಖರ್ಚಲ್ಲೇ ಟ್ರೈನಿಂಗ್. ಫಾರಂ ತುಂಬಿಸೋ ಹುಡುಗಿ "ಅನುಭವ?" ಅಂದಳು.

"ಇಬ್ಬರು ಮಕ್ಕಳು."

"ಸ್ವಂತ ಮಕ್ಕಳು ಲೆಕ್ಕಕ್ಕಿಲ್ಲ" ಅಂತ ಸೊನ್ನೆ ಬರೆದಳು.

ಮೈಯೆಲ್ಲ ಉರಿದುಹೋಯ್ತು. "ಯಾಕಮ್ಮ, ಅವು ತಾವಾಗೇ ಬೆಳೆದ್ವಾ?" ಅಂದೆ. ಅವಳು ಪಾಪ, ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ ಅಂದಳು.

ಕೊನೆಯ ದಿನ ಪ್ಲಾಸ್ಟಿಕ್ ಗೊಂಬೆಗೆ ಡೈಪರ್ ಹಾಕಿಸಿದರು. ಅದು ಒದೆಯಲಿಲ್ಲ, ಅರ್ಧದಲ್ಲಿ ಎದ್ದು ಓಡಲಿಲ್ಲ. ಅಷ್ಟಕ್ಕೇ ಸರ್ಟಿಫಿಕೇಟ್! ತಂದು ಫ್ರಿಜ್ ಮೇಲೆ ಅಂಟಿಸಿದೆ. ನಮ್ಮವರು ನೋಡಿ ನಕ್ಕರು.

"ನಗಬೇಡಿ, ನಿಮ್ಮ ಹತ್ರ ಇದೂ ಇಲ್ಲ" ಅಂದೆ.

೨. ಹತ್ತು ಬೆರಳು

ಯಾರ ಮೇಲೂ ಪೊಲೀಸ್ ಕೇಸಿಲ್ಲ ಅಂತ ನೋಡೋಕೆ, ಮನೆಯಲ್ಲಿರೋ ದೊಡ್ಡವರೆಲ್ಲ ಬೆರಳಚ್ಚು ಕೊಡಬೇಕು ಅಂತ ರೂಲು. ನನ್ನದು, ನಮ್ಮವರದು ಮೊದಲೇ ಆಗಿತ್ತು. ಮೈಸೂರಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ, ಮಾವ ಇಬ್ಬರನ್ನೂ ಕರ್ಕೊಂಡು ಹೋದೆ. ಮಾವನ ಹತ್ತೂ ಬೆರಳು ಮೊದಲ ಸಲಕ್ಕೇ ಪಾಸು. ಅತ್ತೆಯ ಒಂದೂ ಇಲ್ಲ. ಅಲ್ಲಿದ್ದ ಆಪರೇಟರು ಒರೆಸಿದ, ಕ್ರೀಮ್ ಹಚ್ಚಿಸಿದ, ಮತ್ತೆ ಒತ್ತಿಸಿದ. "ಇವರಿಗೆ ಗೆರೆಗಳೇ ಇಲ್ಲ, ಮುಂದಿನ ವಾರ ಬನ್ನಿ" ಅಂದ. ನರ್ಸ್ ರಜೆ ಮುಗಿಯೋಕೆ ಎರಡೇ ವಾರ. ನನಗೆ ಅಳು ಬರೋದೊಂದು ಬಾಕಿ.

ಅತ್ತೆ ಕೈ ನೋಡ್ಕೊಂಡು, "ಐವತ್ತು ವರ್ಷ ಪಾತ್ರೆ ತಿಕ್ಕಿದ್ದೀನಿ, ಇನ್ನೂ ಗೆರೆ ಬೇರೆ ಉಳೀಬೇಕಿತ್ತಾ?" ಅಂದರು.

"ಮತ್ತೆ ಮಾವನದ್ದು ಹೇಗೆ ಬಂತು?" ಅಂದೆ.

"ಬರದೆ ಏನು? ಜೀವಮಾನದಲ್ಲಿ ಒಂದು ಲೋಟ ತೊಳೆದಿದ್ದಾರಾ?"

೩. ಐದು ಹಂತ

ಎರಡನೇ ಸಲಕ್ಕೆ ಅತ್ತೆಯ ಬೆರಳು ಹೇಗೋ ಪಾಸಾಯ್ತು. ಆಮೇಲೆ ಮನೆ ನೋಡೋಕೆ ಇನ್‌ಸ್ಪೆಕ್ಟರಮ್ಮ ಬಂದರು. ಗೇಟು, ಮಾತ್ರೆ ಡಬ್ಬಿಯ ಬೀಗ, ಎಲ್ಲ ಸರಿ. ಕೊನೆಗೆ, ನನಗೆ ಸಹಾಯಕಿಯಾಗಿರೋ ಅತ್ತೆ ಕಡೆ ತಿರುಗಿ, "ಮಗು ಅತ್ತರೆ ಯಾವ ವಿಧಾನ ಅನುಸರಿಸ್ತೀರ?" ಅಂತ ಇಂಗ್ಲಿಷಲ್ಲಿ ಕೇಳಿದರು.

ಟ್ರೈನಿಂಗ್‌ನಲ್ಲಿ ಇದಕ್ಕೆ ಐದು ಹಂತ ಹೇಳ್ಕೊಟ್ಟಿದ್ದರು. ನನಗೆ ಬಾಯಿಪಾಠ, ಅತ್ತೆಗೆ ಹೇಳೋದೇ ಮರೆತಿದ್ದೆ. ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ.

"ಎತ್ಕೋತೀನಿ! ಇನ್ನೇನು, ಅರ್ಜಿ ಬರೆಸ್ಕೊಳ್ಳಲಾ?" ಅಂದರು ಅತ್ತೆ.

ಐದು ಹಂತಾನೂ ಸೇರಿಸಿ ಇಂಗ್ಲಿಷಲ್ಲಿ ಸುಳ್ಳು ಹೇಳಿಬಿಡೋಣ ಅನ್ನಿಸಿತು. ಥೂ, ಯಾಕೆ ಹೇಳಬೇಕು? ಅತ್ತೆ ಹೇಳಿದ್ದನ್ನೇ ಅಕ್ಷರ ಬಿಡದೆ ಹೇಳಿದೆ. ಇನ್‌ಸ್ಪೆಕ್ಟರಮ್ಮ ಪೆನ್ನು ಕೆಳಗಿಟ್ಟು, ಕಣ್ಣಲ್ಲಿ ನೀರು ಬರೋವರೆಗೂ ನಕ್ಕರು. ನಕ್ಕು ಮುಗಿಸಿ, ಪೆನ್ನು ಎತ್ಕೊಂಡು ಸಹಿ ಹಾಕಿದರು.

ಲೈಸೆನ್ಸ್ ಬಂತು. ಸೋಮವಾರ ನರ್ಸ್ ಮಗುವನ್ನು ಬಿಟ್ಟು ಡ್ಯೂಟಿಗೆ ಹೋದಳು. ಅವಳು ಬಾಗಿಲು ದಾಟಿದ್ದೇ ತಡ, ಮಗು ಸೂರು ಹಾರೋ ಹಾಗೆ ಕಿರುಚಿತು. ಸರ್ಟಿಫಿಕೇಟ್ ಇರೋಳು ನಾನು, ಮೊದಲನೇ ಹಂತ ಯಾವುದು ಅಂತ ಯೋಚಿಸ್ತಾ ನಿಂತಿದ್ದೆ.

ಅತ್ತೆ ಆಗಲೇ ಎತ್ಕೊಂಡಾಗಿತ್ತು. ಅರ್ಜಿ ಇಲ್ಲದೆ.