ನಮ್ಮನೆಯವರ ಸಮಾಜಸೇವೆ ಮತ್ತು ನನ್ನ ಬಲಗಣ್ಣು

ನಿವೃತ್ತರಾಗಿ ಸೇವೆಗೆ ಇಳಿದ ಗಂಡಸಿರುವ ಮನೆಯಲ್ಲಿ ನಗೆಯ ಪ್ರಸಂಗಗಳಿಗೆ ಬರವೇ ಇಲ್ಲ. ನಮ್ಮನೆಯವರು ಮಧುಗಿರಿಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಕೆಲಸದಲ್ಲಿದ್ದಾಗ ಭಾನುವಾರವಾದರೂ ಕೈಗೆ ಸಿಗುತ್ತಿದ್ದರು, ಈಗ ಸೇವಾ ಕಮಿಟಿ ಸೇರಿದ ಮೇಲೆ ಅದೂ ಇಲ್ಲ. ನನ್ನ ಬಲಗಣ್ಣಿಗೆ ಪೊರೆ ಬಂದು ಅಕ್ಕಿಯಲ್ಲಿ ಕಲ್ಲು ಕಾಣದಂತಾಗಿದೆ. ತಡ ಮಾಡಬೇಡಿ, ಆಪರೇಷನ್ನಿಗೆ ಬರುವಾಗ ಜೊತೆಗೆ ಒಬ್ಬರು ಇರಲೇಬೇಕು ಎಂದಿದ್ದಾರೆ ಡಾಕ್ಟರು. ಮಗಳು ಕೈಗೂಸಿನ ತಾಯಿ, ಕರೆಯುವಂತಿಲ್ಲ. ಉಳಿದವರು ಇವರೊಬ್ಬರೇ. ನಾನು ಕೇಳಿದ್ದು ಇವರ ಒಂದೇ ಒಂದು ದಿನ.

ಸೋಮವಾರ, ಶಿರಾ

"ರೀ, ಇವತ್ತು ಆಸ್ಪತ್ರೆಗೆ ಹೋಗೋಣ್ವಾ?" ಅಂದೆ.

"ಶಿರಾದಲ್ಲಿ ರಕ್ತದಾನ ಶಿಬಿರ ಕಣೇ. ನಾನಿಲ್ದಿದ್ರೆ ಜನಾನ ಸಾಲಲ್ಲಿ ಯಾರು ನಿಲ್ಲಿಸ್ತಾರೆ?" ಎಂದು ಹಳೇ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಹೊರಟರು. ಅಲ್ಲಿ ಊದಿದ ರಭಸಕ್ಕೆ, ಮಲಗಿ ರಕ್ತ ಕೊಡುತ್ತಿದ್ದವರೊಬ್ಬರು ಬೆಚ್ಚಿ ಎದ್ದು ಕೂತರಂತೆ. "ಮೇಷ್ಟ್ರೇ, ಮೆಹರ್ಬಾನಿ ಮಾಡಿ ಸುಮ್ನೆ ಕೂತ್ಕಳಿ, ನನ್ ಬಿ.ಪಿ. ಏರ್ತೈತೆ" ಎಂದು ಕೈ ಮುಗಿದರಂತೆ. ಇದನ್ನು ಇವರೇ ಹೇಳಿದ್ದು, ಜನಕ್ಕೆ ಶಿಸ್ತಿಲ್ಲ ಎಂಬುದಕ್ಕೆ ಉದಾಹರಣೆಯಾಗಿ.

ಸಂಜೆ ಬಂದವರೇ ಮಂಚಕ್ಕೆ ಒರಗಿ, "ಸುಸ್ತು ಕಣೇ, ಸ್ವಲ್ಪ ಕಾಲು ಒತ್ತು" ಅಂದರು.

"ನೀವೂ ರಕ್ತ ಕೊಟ್ರಾ?"

"ವಯಸ್ಸಾಯ್ತಲ್ಲ, ನಮ್ದು ತಗೊಳಲ್ಲ. ಜ್ಯೂಸ್ ಮಾತ್ರ ಕೊಟ್ರು."

ಬುಧವಾರ, ಕ್ಯಾತಗಾನಚೆರ್ಲು

ಪಾವಗಡದ ಆ ಕಡೆ ಗಿಡ ನೆಡುವ ಕಾರ್ಯಕ್ರಮ. ಅಲ್ಲಿನ ಹೊಲಗಳು ಸೋಲಾರಿಗೆ ಗುತ್ತಿಗೆ ಹೋಗಿರುವುದು ಊರಿಗೆಲ್ಲ ಗೊತ್ತು, ಇವರ ಕಮಿಟಿಗೆ ಮಾತ್ರ ಗೊತ್ತಿರಲಿಲ್ಲ. ಊರಿನ ಹಿರಿಯರೊಬ್ಬರು ಟೆಂಪೊ ತಡೆದು, ತೆಲುಗು ಬೆರೆಸಿ, ಎಲ್ಲಿ ನೆಡುತ್ತೀರಿ ಎಂದು ಕೇಳಿದರಂತೆ. "ಎಕ್ಕಡ ನೆಡ್ತೀರಿ ಸಾರ್? ನೆರಳು ಬಿದ್ರೆ ಕರೆಂಟು ಬರಲ್ಲಂಟ."

"ಪರಿಸರ ಉಳೀಬೇಕಲ್ಲಪ್ಪಾ?" ಅಂದರಂತೆ ಇವರು.

"ಆ ಸೋಲಾರ್ ಪ್ಲೇಟು ಹಾಕಿರೋದೂ ಅದಕ್ಕೇನಂಟ ಸಾರ್."

ಗಿಡಗಳೆಲ್ಲ ವಾಪಸ್ಸು ಬಂದು ನಮ್ಮ ಹಿತ್ತಲಲ್ಲಿ ಇಳಿದವು. ನಾನು ಒಣಗಿದ ಬಟ್ಟೆ ತರಲು ಹೋಗಿ, ಕಾಣದೆ, ಒಂದು ಹೊಂಗೆ ಸಸಿಗೆ ಎಡವಿ ದಬಾರನೆ ಬಿದ್ದೆ. ಇವರು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು. ಬಗ್ಗಿ ನೋಡಿದರು.

"ಗಿಡಕ್ಕೇನೂ ಆಗಿಲ್ಲ ಬಿಡು" ಅಂದರು.

ಶುಕ್ರವಾರ, ಕೊರಟಗೆರೆ

ಹಿರಿಯ ನಾಗರಿಕರ ಸಭೆಯಲ್ಲಿ ಇವರ ಭಾಷಣ. ವಿಷಯ, ಮಡದಿಯ ಆರೋಗ್ಯ. ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು, ನನ್ನನ್ನೇ ಸಭೆ ಮಾಡಿಕೊಂಡು ಅಭ್ಯಾಸ ಶುರು ಮಾಡಿದರು.

"ನಿಮ್ಮ ಹೆಂಡತಿಗೆ ಕಣ್ಣು ಸರಿಯಾಗಿ ಕಾಣುತ್ತದೆಯೇ ಎಂದು ಯಾವತ್ತಾದರೂ ಕೇಳಿದ್ದೀರಾ?"

"ಇಲ್ಲ" ಅಂದೆ ನಾನು.

"ಮಧ್ಯೆ ಬಾಯಿ ಹಾಕ್ಬೇಡ ಕಣೇ, ಮರ್ತೋಗುತ್ತೆ."

ಅವತ್ತು ಮಾತ್ರ ನನಗೆ ನಗು ಬರಲಿಲ್ಲ. ಒಲೆಯ ಕಡೆ ತಿರುಗಿಕೊಂಡು ಅತ್ತೆ. ಇವರು ಈರುಳ್ಳಿ ಅಂದುಕೊಂಡರು.

ಭಾನುವಾರ, ಬಡವನಹಳ್ಳಿ

ಉಚಿತ ಕಣ್ಣಿನ ಶಿಬಿರ. ಇವರು ಎದೆಗೆ ಬ್ಯಾಡ್ಜು ಚುಚ್ಚಿಕೊಂಡು ಮುಂಜಾನೆಯೇ ಹೋದರು. ನಾನು ಅದರ ನಂತರದ ಬಸ್ಸು ಹತ್ತಿದೆ. ಹೆಸರು ಬರೆಯುವ ಹುಡುಗಿ ಕೇಳಿದಳು. "ಜೊತೇಲಿ ಯಾರವ್ರೆ ಅಜ್ಜಿ?"

"ಯಾರೂ ಇಲ್ಲ ಕಣಮ್ಮ."

"ಯೋಚ್ನೆ ಬುಡಿ. ಯಾರೂ ಇಲ್ದೋರ ಜೊತೆ ನಮ್ ಕಮಿಟಿಯೋರೇ ಆಸ್ಪತ್ರೆಗೆ ಬತ್ತಾರೆ" ಎಂದು ಯಾರನ್ನೋ ಕೂಗಿದಳು. ಬಂದವರು ನಮ್ಮನೆಯವರು.

"ಲೇ, ನೀನಿಲ್ಲಿ..." ಎಂದು ಪಿಸುಗುಟ್ಟಿದರು.

"ನಮಸ್ಕಾರ ಸಾರ್" ಎಂದು ಕೈ ಮುಗಿದೆ.

ಅಷ್ಟರಲ್ಲಿ ಕಮಿಟಿ ಅಧ್ಯಕ್ಷರು ಬಂದು, "ಇವ್ರು ಯಾರನ್ನೂ ಕೈಬುಡೋರಲ್ಲ ಅಜ್ಜಿ, ದೇವ್ರಂಥೋರು" ಅಂದರು. ಅದಾದ ಮೇಲೆ ಇವಳು ನನ್ನ ಹೆಂಡತಿ ಎಂದು ಹೇಳುವುದು ಹೇಗೆ? ಇವರು ಎದೆಯ ಬ್ಯಾಡ್ಜು ಸರಿಮಾಡಿಕೊಂಡರು.

ಫೋಟೋದವನು ಬಂದ. "ಸಾರ್, ಅಜ್ಜಿ ಕೈ ಹಿಡ್ಕಳಿ. ಅಂಗಲ್ಲ, ವಸಿ ಪ್ರೀತಿಯಿಂದ." ಹಿಡಿದರು. ಮದುವೆಯ ಫೋಟೋದಲ್ಲೂ ಹಾಗೆ ಹಿಡಿದಿರಲಿಲ್ಲ.

ಆಪರೇಷನ್ ಮುಗಿಯುವವರೆಗೂ ಆಸ್ಪತ್ರೆಯಲ್ಲಿ ಜೊತೆಗಿದ್ದರು, ಇಡ್ಲಿ ತಂದುಕೊಟ್ಟರು, ಹೊತ್ತಿಗೆ ಸರಿಯಾಗಿ ಹನಿ ಹಾಕಿದರು. ಸುಳ್ಳು ಹೇಳಬಾರದು, ನಾನು ಕರಗಿದೆ. ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ, ಕಾಣುತ್ತದೋ ಇಲ್ಲವೋ ನೋಡು ಎಂದು ಇವರೇ ಫೋನು ಕೈಗೆ ಕೊಟ್ಟರು. ಚೆನ್ನಾಗಿಯೇ ಕಾಣುತ್ತಿತ್ತು. ಕಮಿಟಿಯ ವಾಟ್ಸಾಪ್ ಗುಂಪಿನಲ್ಲಿ ನಮ್ಮಿಬ್ಬರ ಫೋಟೋ. ಕೆಳಗೆ, "ಅನಾಥ ವೃದ್ಧೆಗೆ ಆಸರೆಯಾದ ನಿವೃತ್ತ ಶಿಕ್ಷಕರು."

ಅದರ ಕೆಳಗೆ ಇವರ ಉತ್ತರ: "ಈ ತಾಯಿ ಯಾರೆಂದು ನನಗೆ ತಿಳಿಯದು. ಆದರೂ ಸೇವೆ ನನ್ನ ಧರ್ಮ."