ಕಾಕಾ ಬರೆದ ಊರುಗಳು

ನಮ್ಮ ಕಾಕಾ ನೋಡದ ಊರಿಲ್ಲ. ಅವರು ಬರೆದ ಊರನ್ನು ಗುರುತಿಸಿದವರು ಮಾತ್ರ ಇನ್ನೂ ಹುಟ್ಟಿಲ್ಲ!

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಕಾಕಾ ಸೀರೆಯ ಗಂಟು ಹೊತ್ತು ವ್ಯಾಪಾರಕ್ಕೆಂದು ಊರೂರು ತಿರುಗುತ್ತಾರೆ. ಬಂದವರೇ ಮಗ್ಗದ ಪಕ್ಕದಲ್ಲಿ ಚೌಕಟ್ಟಿಗೆ ಬಟ್ಟೆ ಬಿಗಿದು, ನೆನಪಿದ್ದದ್ದನ್ನೆಲ್ಲ ಬಣ್ಣದಲ್ಲಿ ಇಳಿಸುತ್ತಾರೆ. ಅದರಲ್ಲಿ ಗುಡಿ ಇರುವುದಿಲ್ಲ, ಗಿಡ ಇರುವುದಿಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ. ಇಂಥದಕ್ಕೆ ಅಮೂರ್ತ ಚಿತ್ರ ಎನ್ನುತ್ತಾರಂತೆ. ಆದರೆ ನೇಕಾರರ ಕೈ ಚಾಳಿ ಬಿಡಬೇಕಲ್ಲ? ಮೊದಲು ಎರಡೂ ಬದಿಗೆ ಸೀರೆಯ ಅಂಚಿನ ಹಾಗೆ ದಡಿ ಎಳೆಯುತ್ತಾರೆ. ಊರು ಏನಿದ್ದರೂ ಆಮೇಲೆ, ನಡುವೆ.

ತಿಮ್ಮಾಪುರದಲ್ಲಿ ಮುಧೋಳ ನಾಯಿಗಳನ್ನು ನೋಡಿ ಬಂದ ವಾರ, ಈ ದಡಿಯಿಂದ ಆ ದಡಿಗೆ ಒಂದೇ ಒಂದು ಕಂದು ಗೆರೆ ಎಳೆದು, ಮುಗಿಯಿತು ಎಂದರು. ಪಕ್ಕದ ಮನೆಯವರು ಬಗ್ಗಿ ನೋಡಿದರು, ಹಿಂದೆ ಸರಿದು ನೋಡಿದರು.

"ನಾಯಿ ಎಲ್ಲೈತ್ರಿ?"

"ಅದು ದಾಟಿ ಹೋತ್ರಿ," ಎಂದರು ಕಾಕಾ.

ಇನ್ನೊಮ್ಮೆ ಜಮಖಂಡಿಯ ಸೀರೆ ವ್ಯಾಪಾರಿಯೊಬ್ಬರು ಗೋಕರ್ಣದ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಕಾಕಾನ ಎದೆ ಉಬ್ಬಿತು. ಕೊನೆಗೆ ಸಾಹುಕಾರರು ಬಾಯಿಬಿಟ್ಟರು: ಡಿಜೈನ್ ಛಲೋ ಇದೆ, ಮುಂದಿನ ತಿಂಗಳಿಗೆ ಇದನ್ನೇ ನೇಯ್ದು ಕೊಡಿ! ಅದು ಸಮುದ್ರ ಎಂದು ಕಾಕಾ ತಿಳಿಸಿ ಹೇಳಿದರು.

"ಇರ್ಲಿ ಬಿಡ್ರಿ. ದಡಿ ಅಷ್ಟ ಕೆಂಪ ಮಾಡ್ರಿ."

ಆ ಸೀರೆ ಚೆನ್ನಾಗಿಯೇ ಓಡಿತು. ಈಗ ಗೋಕರ್ಣವನ್ನು ಉಟ್ಟು ತಿರುಗುವವರು ಹುನ್ನೂರಿನಲ್ಲೂ ಇದ್ದಾರೆ, ಚಿಮ್ಮಡದಲ್ಲೂ ಇದ್ದಾರೆ.

ಊರವರು ನಗಲಿ, ಹೊಗಳಲಿ, ಕಾಕಾನಿಗೆ ಅದರ ಚಿಂತೆಯಿರಲಿಲ್ಲ. ಕಾಕಿ ಒಮ್ಮೆ ಗುರುತು ಹಿಡಿಯಬೇಕು, ಅಷ್ಟೇ. ಚಿತ್ರ ಮುಗಿದಾಗಲೆಲ್ಲ ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದು, ಯಾವೂರು ಹೇಳು ಎಂದು ಕೇಳುತ್ತಿದ್ದರು. ಅವಳು ಹಂಪಿಯನ್ನು ಸೊಲ್ಲಾಪುರ ಎಂದಳು. ಸೊಲ್ಲಾಪುರವನ್ನು ತೋರಿಸಿದರೆ, ಸಾರು ಯಾರು ಚೆಲ್ಲಿದರು ಎಂದಳು. ನನ್ನ ದಿನಚರಿಯ ಲೆಕ್ಕದಂತೆ ಹನ್ನೊಂದು ಚಿತ್ರ, ಹನ್ನೊಂದೂ ತಪ್ಪು.

ಹೋದ ಶ್ರಾವಣದಲ್ಲಿ ಕಾಕಾ ಹನ್ನೆರಡನೆಯದನ್ನು ಗೋಡೆಗೆ ಒರಗಿಸಿದರು. ಇದನ್ನೂ ಗುರುತಿಸದಿದ್ದರೆ ಬಣ್ಣದ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಹಾಕುವುದಾಗಿ ಬೆಳಿಗ್ಗೆಯೇ ನನ್ನ ಮುಂದೆ ಹೇಳಿದ್ದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಕಾಕಿ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಬಂದಳು. ಬಟ್ಟೆಯ ತುಂಬ ಎರೆಮಣ್ಣಿನ ಕಪ್ಪು, ಅಲ್ಲಲ್ಲಿ ಸುಣ್ಣದ ಬಿಳುಪು, ಒಂದು ಮೂಲೆಯಲ್ಲಿ ಕುಸುಬಿ ಹೂವಿನ ಹಳದಿ.

ಅವಳು ಸಾರಿನ ಮಾತು ಎತ್ತಲಿಲ್ಲ. ಮೂಲೆಯ ಹಳದಿಯನ್ನು ಬಗ್ಗಿ ನೋಡಿದಳು. ಆಮೇಲೆ ಕೇಳಿದಳು: "ನೀರು ಯಾಕ ಬರೆದಿಲ್ಲರಿ?"

"ನಾ ಕನ್ಯಾ ನೋಡಾಕ ಬಂದಾಗ ನೀರು ಎಲ್ಲಿತ್ತು?"

ಕಾಕಿಯ ತವರು ಬೀಳಗಿ ತಾಲೂಕಿನಲ್ಲಿತ್ತು. ಆಲಮಟ್ಟಿಯ ಹಿನ್ನೀರು ಏರಿದ ಮೇಲೆ ಊರೂ ಇಲ್ಲ, ಊರಿಗೆ ಹೋಗುವ ದಾರಿಯೂ ಇಲ್ಲ.

ಅವಳು ಹಿಟ್ಟಿನ ಬೆರಳನ್ನು ಚಿತ್ರದ ಒಂದು ಬಿಳುಪಿನ ಹತ್ತಿರ ಒಯ್ದು, ಮುಟ್ಟದೆ ತೋರಿಸಿದಳು. "ನಮ್ಮ ಮನಿ ಇಷ್ಟ ದೂರ ಇರಲಿಲ್ಲ. ಬಾವಿ ದಾಟಿದ ಕೂಡ್ಲೇ ಬರತಿತ್ತು."

ಕಾಕಾ ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿ ಅವಳ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದು ನಿಂತರು.