ಎಣ್ಣೆಗಾಯಿಗೆ ಹೊಂದುವ ವೈನು

ನಮ್ಮ ಕಾಕಾ ಕುಡಿಯುತ್ತಾನೆ. ಹೌದು, ಮನೆಯಲ್ಲೇ, ಹಾಡುಹಗಲೇ, ಹೆಂಡತಿಯ ಎದುರಿಗೇ! ಛೀ ಅನ್ನಬೇಡಿ, ತಡೆಯಿರಿ. ಅವನು ಕುಡಿಯುವುದು ಎರಡೇ ಎರಡು ಗುಟುಕು. ಅದೂ ತಟ್ಟೆಯಲ್ಲಿರುವ ಬದನೆಕಾಯಿ ಒಪ್ಪಿದರೆ ಮಾತ್ರ! (ಏಕವಚನ ಕೇಳಿ ಹುಬ್ಬೇರಿಸಬೇಡಿ, ನಮ್ಮ ಕೊಪ್ಪಳದ ಕಡೆ ಕಾಕಾನನ್ನು ಏಕವಚನದಲ್ಲೇ ಪ್ರೀತಿಸುವುದು.)

ತೋಟಗಾರಿಕೆ ಇಲಾಖೆಯಲ್ಲಿ ಕುಷ್ಟಗಿ, ಯಲಬುರ್ಗಾ ಅಂತ ದ್ರಾಕ್ಷಿ, ದಾಳಿಂಬೆಗಳ ಹಿಂದೆ ತಿರುಗಿ ರಿಟೈರಾದ ಮನುಷ್ಯ. ರೈತರ ಜೊತೆ ನಾಶಿಕದ ಕಡೆ ಪ್ರವಾಸ ಹೋದಾಗ ಯಾರೋ ಒಬ್ಬರು ತೆಳು ಗುಲಾಬಿ ಬಣ್ಣದ ವೈನು ತೋರಿಸಿ, "ಇದು ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಪದ್ಧತಿಯದು. ತಣ್ಣಗೆ ಮಾಡಿ ಊಟದ ಜೊತೆ ಕುಡಿಯಬೇಕು. ನಿಮ್ಮ ಯಾವ ಅಡುಗೆಗೆ ಹೊಂದುತ್ತದೋ ನೀವೇ ಹುಡುಕಿ" ಅಂದರಂತೆ. ಅವರು ಸುಮ್ಮನೆ ಅಂದದ್ದು! ಕಾಕಾ ಅದನ್ನು ಸರ್ಕಾರಿ ಆದೇಶ ಅಂತ ತಿಳಿದ. ಬಾಟಲಿಗಳನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ಮನೆಗೆ ಬಂದಿಳಿದ.

"ನನ್ನ ಹಾಲು ಮೊಸರಿನ ಮಗ್ಗಲಕ ಆ ಬಾಟ್ಲಿ ಇಟ್ರಿ ಅಂದ್ರ ನೋಡ್ರಿ ಮತ್ತ!" ಎಂದು ಚಿಗವ್ವ, ಅಂದರೆ ಅವನ ಹೆಂಡತಿ, ಫ್ರಿಜ್ಜಿಗೆ ಅಡ್ಡ ನಿಂತಳು. ಕಾಕಾ ಸೋಲುವ ಗಿರಾಕಿಯೇ? ಬಾಟಲಿಗೆ ಹಸಿ ಧೋತರ ಸುತ್ತಿ, ಪಡಸಾಲೆಯ ಹೊರಸಿನ ಮೇಲೆ ಗಾಳಿಗೆ ಮಲಗಿಸಿ, ಗಳಿಗೆಗೊಮ್ಮೆ ನೀರು ಚಿಮುಕಿಸುತ್ತ ಕುಳಿತ. ಮಗ್ಗುಲ ಮನೆಯ ಅಜ್ಜಿ ಇಣುಕಿ ನೋಡಿ ಗಾಬರಿಯಾದಳು.

"ಯಾರ ಕೂಸಪಾ? ಜ್ವರ ಬಂದಾವೇನು?"

"ಹೂನ್ ಬೇ ಯವ್ವಾ, ಬಿಸಲ ಬಡದೈತಿ," ಅಂದ ಕಾಕಾ.

ಅಜ್ಜಿ ಮನೆಗೆ ಓಡಿಹೋಗಿ ವಿಭೂತಿ ತಂದಳು!

ಆಮೇಲೆ ಶುರುವಾಯಿತು ಜೋಡಿ ಹುಡುಕಾಟ. ಮಗಳಿಗೆ ಗಂಡು ನೋಡುವಾಗಲೂ ಕಾಕಾ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಮಿರ್ಚಿ ಮಂಡಕ್ಕಿ ತರಿಸಿದ. "ಊಂಹೂಂ, ಮಿರ್ಚಿ ಭಾಳ ಜೋರು. ಪಾಪ, ಈ ವೈನಿನ ದನಿನ ಕೇಳವಲ್ದು." ಪುಂಡಿಪಲ್ಯ ಮಾಡಿಸಿದ. "ಎರಡೂ ಹುಳಿ. ದಿನಾ ಜಗಳ ಆಡ್ತಾವು." ಕೊನೆಗೆ ಎಣ್ಣೆಗಾಯಿ ಮತ್ತು ಬಿಸಿ ಜೋಳದ ರೊಟ್ಟಿಗೆ ಬಂದು ನಿಂತ. ಕಣ್ಣು ಮುಚ್ಚಿ, ಬಾಯಲ್ಲಿ ವೈನನ್ನು ಗುಳುಗುಳು ಆಡಿಸಿ ಅಂದ: "ಕೂಡ್ತೈತಿ ಅನಸ್ತೈತಿ. ಆದ್ರ ನನ್ನ ನಾಲಿಗಿ ನಂಬೂ ಹಂಗಿಲ್ಲ, ಸರ್ವೀಸಿನಾಗ ಹೊಟೇಲ್ ಊಟ ಉಂಡು ಕೆಟ್ಟೈತಿ. ನಿಮ್ಮ ಚಿಗವ್ವನೇ ಹೇಳಬೇಕು."

ಸರಿಯಾದ ಮಾತೇ. ಸಾರು ಕುದಿಯುವ ವಾಸನೆಗೇ ಉಪ್ಪು ಕಮ್ಮಿ ಅನ್ನುವ ಹೆಂಗಸು ಅವಳು. ಆದರೆ ಅವಳನ್ನು ಪಂಕ್ತಿಯಲ್ಲಿ ಕೂರಿಸುವವರು ಯಾರು? ಎಲ್ಲರ ಊಟ ಮುಗಿಯದೆ ಚಿಗವ್ವ ಉಂಡದ್ದನ್ನು ಯಾರೂ ಕಂಡಿಲ್ಲ. "ನೀವು ಬಿಸಿಬಿಸಿ ಉಣ್ರಿ. ನಂದೇನು ಗಡಿಬಿಡಿ ಐತಿ?" ಅನ್ನುತ್ತ ರೊಟ್ಟಿ ಬಡಿಯುತ್ತಲೇ ಇರುತ್ತಾಳೆ. ಅವಳು ಕೂರುವ ಹೊತ್ತಿಗೆ ರೊಟ್ಟಿ ತಣ್ಣಗೆ, ವೈನು ಬಿಸಿ!

"ಎಲ್ಲಾ ಉಲ್ಟಾ! ಹಿಂಗಾದ್ರ ಜೋಡಿ ಕೂಡೂದು ಹೆಂಗ?" ಕಾಕಾ ಹಣೆ ಹಣೆ ಬಡಿದುಕೊಂಡ.

ಗಂಗಾವತಿಯಲ್ಲಿ ನೌಕರಿ ಮಾಡುವ ನಾನು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗುವುದುಂಟು. ಅಂಥ ಒಂದು ದಿನ ಕಾಕಾ ಹಟಕ್ಕೆ ಬಿದ್ದ: "ಆಕಿ ಕುಂದ್ರೂತನಕ ಯಾರೂ ತುತ್ತು ಎತ್ತಬಾರದು!" ಎಲ್ಲರೂ ಕೈಕಟ್ಟಿ ಕುಳಿತೆವು. ಚಿಗವ್ವ ನಮ್ಮ ಮುಖ ನೋಡಿದಳು. ರೊಟ್ಟಿ ಸಾಲುವುದಿಲ್ಲ ಅಂತ ಇವರು ಸಂಕೋಚ ಪಡುತ್ತಿದ್ದಾರೆ ಅಂದುಕೊಂಡು ಇನ್ನಷ್ಟು ಹಿಟ್ಟು ನಾದಿದಳು. ನಾವು ಉಣ್ಣಲಿಲ್ಲ, ಅವಳು ಮತ್ತಷ್ಟು ನಾದಿದಳು. ಹಸಿವೆ ತಡೆಯದೆ ಮೊದಲು ತುತ್ತು ಎತ್ತಿದವನು ಕಾಕಾನೇ! ಆ ರೊಟ್ಟಿ ಬುಧವಾರದವರೆಗೂ ಮುಗಿಯಲಿಲ್ಲವಂತೆ.

ಮುಂದಿನ ಸಲ ಹೋದರೆ ಏನು ನೋಡುವುದು! ಒಲೆಯ ಮುಂದೆ ಕಾಕಾ! ಬನಿಯನ್ನಿನ ಮೇಲೆ ಹಿಟ್ಟು, ಮೂಗಿನ ಮೇಲೂ ಹಿಟ್ಟು. ಈ ಕಡೆ ಪಂಕ್ತಿಯಲ್ಲಿ ಚಿಗವ್ವ, ಯಾವ ಗಳಿಗೆಗೆ ಏಳಬೇಕಾದೀತೋ ಅಂತ ಒಂದು ಮೊಣಕಾಲು ಎತ್ತಿಕೊಂಡೇ ಕುಳಿತಿದ್ದಳು.

"ಅಯ್ಯ, ಅಂಚು ಒಡ್ಯಾಕತ್ತೈತ್ರಿ, ನೀರು ಹಚ್ಚರಿ!"

"ನೀ ಸುಮ್ಮ ಕುಂದ್ರು. ಇವತ್ತ ಪರೀಕ್ಷಾ ಮಾಡೂವಾಕಿ ನೀ."

ರೊಟ್ಟಿಯ ಒಂದು ತುದಿ ಕುಷ್ಟಗಿ ಕಡೆ, ಇನ್ನೊಂದು ತುದಿ ಹಿಟ್ನಾಳದ ಕಡೆ ಹೊರಟಿತ್ತು. ಆದರೆ ಉಬ್ಬಿತ್ತು! ಹಬೆಯಾಡುತ್ತಲೇ ಅವಳ ತಟ್ಟೆಗೆ ಬಂತು. ಪಕ್ಕದಲ್ಲಿ ಎಣ್ಣೆಗಾಯಿ, ಸಣ್ಣ ಲೋಟದಲ್ಲಿ ತಣ್ಣನೆಯ ವೈನು.

ಚಿಗವ್ವ ಒಂದು ತುತ್ತು ತಿಂದಳು. ಸೆರಗು ಅಡ್ಡ ಹಿಡಿದು ವೈನನ್ನು ತುಟಿಗೆ ಮುಟ್ಟಿಸಿದಳು. ನಾವು ಕತ್ತು ಚಾಚಿ ನೋಡಿದೆವು. ಅವಳು ಇನ್ನೊಂದು ತುತ್ತು ಮುರಿದಳು. ಕಣ್ಣು ತುಂಬಿ ಬಂದವು.

"ಖಾರ ಆತೇನ? ಹುಳಿ ಐತೇನ? ಜೋಡಿ ಕೂಡಲಿಲ್ಲೇನ?" ಕಾಕಾ ಕಂಗಾಲಾದ.

"ವೈನಿಂದು ನನಗೇನು ತಿಳಿತೈತ್ರಿ," ಅಂದಳು ಚಿಗವ್ವ, ತಟ್ಟೆ ನೋಡುತ್ತಲೇ. "ನಮ್ಮವ್ವ ಹೋದ ಮ್ಯಾಲ ನನಗ ಯಾರೂ ಬಿಸಿ ರೊಟ್ಟಿ ಹಾಕಿದ್ದಿಲ್ಲ."

ಕಾಕಾ ಒಲೆಯ ಕಡೆ ತಿರುಗಿ ಹಿಟ್ಟಿಗೆ ಕೈ ಹಾಕಿದ. ಬಹಳ ಹೊತ್ತು ಬಡಿದ. ಆಮೇಲೆ, ಮುಖ ತೋರಿಸದೆ, ಅಂದ:

"ಏಳಬ್ಯಾಡ. ಇನ್ನೊಂದು ಬರಾಕತ್ತೈತಿ."